ಕದ್ರಿ ಪಾರ್ಕಿನ ಹೂವಾ, ಕರಾವಳಿ ಉತ್ಸವವಾ?

ಮಂಗಳೂರಿನ ಚಳಿಗೆ ಸ್ವೆಟರ್ ಬೇಡ ಮಾರಾಯ್ರೆ, ರಾತ್ರಿ 20-22 ಡಿಗ್ರಿ ಅಷ್ಟೇ. ಆದ್ರೂ ಸಂಜೆ ಹೊರಗೆ ಸುತ್ತಲು ವರ್ಷದಲ್ಲಿ ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ಒಂದೇ ಕಡೆ ಹೋಗಲು ಪುರುಸೊತ್ತು ಇದ್ದರೆ ಎಲ್ಲಿಗೆ?

ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ಸಾಮಾನ್ಯವಾಗಿ ಜನವರಿ 26ರ ಆಸುಪಾಸು, ಕೆಲವೇ ದಿನ. ಮೊದಲ ದಿನ ಬೆಳಿಗ್ಗೆಯೇ ಹೋಗಿ. ಸಾಲ್ವಿಯಾ, ಚೆಂಡುಹೂಗಳ ಮೇಲೆ ನೀರಿನ ಹನಿ ಇನ್ನೂ ಇರುತ್ತದೆ, ಹೂವಿನಲ್ಲಿ ಮಾಡಿದ ಆಕೃತಿಗಳೂ ತಾಜಾ. ನಾನೊಮ್ಮೆ ಕೊನೆಯ ದಿನ ಮಧ್ಯಾಹ್ನ ಹೋಗಿ, ಅಂಚು ಕಂದಿ ಬಾಗಿದ ಗುಲಾಬಿಗಳನ್ನು ನೋಡಿ ಬಂದೆ. ತಲೆ ಸುಡುವ ಬಿಸಿಲು ಬೇರೆ. ಅಜ್ಜಿಗೆ, ಗಿಡದ ಹುಚ್ಚಿನವರಿಗೆ ಇದೇ ಸರಿ. ನರ್ಸರಿ ಮಳಿಗೆಯಲ್ಲಿ ನಮ್ಮಮ್ಮ ಮಲ್ಲಿಗೆ ಗಿಡಕ್ಕೆ ಚೌಕಾಸಿ ಮಾಡಿದ ಹೊತ್ತಿನಲ್ಲಿ ನಾನು ಇಡೀ ಪಾರ್ಕ್ ಎರಡು ಸುತ್ತು ಹಾಕಿದ್ದೆ.

ಕರಾವಳಿ ಉತ್ಸವದ ವಸ್ತುಪ್ರದರ್ಶನ ಪೂರ್ತಿ ಬೇರೆ. ಮಂಗಳೂರಿನದ್ದೇ ಲಾಲ್‌ಬಾಗ್ ಹತ್ತಿರದ ಮೈದಾನದಲ್ಲಿ ದೀಪ, ಧೂಳು, ಜೈಂಟ್ ವೀಲ್, ಚರುಮುರಿ. ಇದು ಹೆಚ್ಚು ದಿನ ಇರುತ್ತದೆ, ಹಾಗಾಗಿ ವಾರದ ನಡುವೆ ಹೋದರೆ ನೂಕುನುಗ್ಗಲು ಕಡಿಮೆ. ಮಕ್ಕಳಿದ್ದರೆ ಬೇರೆ ಯೋಚನೆಯೇ ಬೇಡ, ಆದರೆ ಆಟಗಳಿಗೆ ಟಿಕೆಟ್ ಬೇರೆ ಬೇರೆ, ಪರ್ಸ್ ಬೇಗ ಹಗುರ ಆಗುತ್ತದೆ. ಪಾರ್ಕಿಂಗ್ ಎರಡೂ ಕಡೆ ತಲೆನೋವು, ಸುಮ್ನೆ ಸಿಟಿ ಬಸ್ ಹತ್ತಿ.

ನನ್ನನ್ನು ಕೇಳಿದರೆ ಕದ್ರಿ. ಚರುಮುರಿ ಅಲ್ಲೂ ಸಿಗುತ್ತದೆ, ಗೇಟಿನ ಹೊರಗೆ.