ಹಂಪಿ ನೋಡಲು ಎಲ್ಲಿ ಇಳಿದುಕೊಳ್ಳಬೇಕು: ಜನತಾ ಪ್ಲಾಟೊ, ಆನೆಗುಂದಿಯೊ, ಕಮಲಾಪುರವೊ?

ಹಂಪಿಯಲ್ಲಿ ಏನೇನು ನೋಡಬೇಕು ಅನ್ನುವ ಪಟ್ಟಿ ಎಲ್ಲರ ಹತ್ತಿರವೂ ಇರುತ್ತದೆ. ಎಲ್ಲಿ ಇಳಿದುಕೊಳ್ಳಬೇಕು ಅನ್ನುವುದನ್ನು ಮಾತ್ರ ರೂಮಿನ ಬಾಡಿಗೆ ನೋಡಿ ತೀರ್ಮಾನಿಸುತ್ತಾರೆ. ಅಲ್ಲಿನ ಬಂಡೆಗಳ ನಡುವೆ ಮಧ್ಯಾಹ್ನ ತಿರುಗುವುದು ಡಿಸೆಂಬರಿನಲ್ಲೂ ಸುಖವಲ್ಲ. ಕೈಗೆ ಸಿಗುವುದು ಬೆಳಗಿನ ಮೂರ್ನಾಲ್ಕು ತಾಸು, ಸಂಜೆಯ ಒಂದೆರಡು ತಾಸು. ಆ ಹೊತ್ತಿಗೆ ನಿಮ್ಮ ರೂಮಿನ ಹತ್ತಿರ ಏನಿದೆಯೋ ಅದೇ ನೀವು ನೆಮ್ಮದಿಯಾಗಿ ನೋಡುವ ಹಂಪಿ. ಬೇರೆ ಬೇರೆ ಸಲ ಬೇರೆ ಬೇರೆ ಕಡೆ ಉಳಿದು ನೋಡಿದ ಮೇಲೆ ಇದನ್ನು ಹೇಳುತ್ತಿದ್ದೇನೆ.

ಮೊದಲು ಹಂಪಿ ಊರೇ. ವಿರೂಪಾಕ್ಷ ದೇವಸ್ಥಾನಕ್ಕೂ ತುಂಗಭದ್ರಾ ಹೊಳೆಗೂ ನಡುವೆ ಜನತಾ ಪ್ಲಾಟ್ ಇದೆ. ಇಕ್ಕಟ್ಟಾದ ಓಣಿಗಳು, ಮನೆಯ ಮೇಲೊಂದು ಮಹಡಿ ಎಬ್ಬಿಸಿ ಮಾಡಿದ ಗೆಸ್ಟ್‌ಹೌಸುಗಳು. ಇಲ್ಲಿ ಉಳಿದರೆ ಕತ್ತಲಿರುವಾಗಲೇ ಎದ್ದು ಮಾತಂಗ ಪರ್ವತ ಹತ್ತಬಹುದು. ಇಳಿದು ಬಂದು ಹೊಳೆದಂಡೆಯ ದಾರಿ ಹಿಡಿದರೆ ಕೋದಂಡರಾಮ, ಅಚ್ಯುತರಾಯ, ತುಲಾಭಾರದ ಕಮಾನು, ವಿಠ್ಠಲ ದೇವಸ್ಥಾನ. ಸುಮಾರು 2 ಕಿ.ಮೀ. ಅಷ್ಟೇ, ಮತ್ತು ಹಂಪಿಯಲ್ಲಿ ಇದಕ್ಕಿಂತ ಒಳ್ಳೆಯ ನಡಿಗೆ ಇಲ್ಲ. ಕಾರಿನಲ್ಲಿ ಬಂದು ಬ್ಯಾಟರಿ ಗಾಡಿ ಹತ್ತಿ ಕಲ್ಲಿನ ರಥ ನೋಡಿ ಹೋಗುವವರಿಗೆ ಈ ದಾರಿಯ ಸುಳಿವೇ ಇರುವುದಿಲ್ಲ. ವಿರೂಪಾಕ್ಷನ ಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಡೆಯ ಸಣ್ಣ ಕಿಂಡಿಯಿಂದ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನೂ ಜನ ಸೇರುವ ಮೊದಲೇ ಹೋಗಿ ನಿಂತು ನೋಡಬಹುದು. ಎರಡನೇ ಪ್ರವಾಸಿ ಬಸ್ಸು ಬಂತೆಂದರೆ ಮುಗಿಯಿತು, ನಿಮ್ಮ ಮುಂದೆ ಮೊಬೈಲುಗಳ ಸಾಲು.

ಆದರೆ ಊರು ಅನ್ನಿಸುವಂಥದ್ದು ಅಲ್ಲಿ ಕಡಿಮೆಯಾಗಿದೆ. ಬಜಾರಿನ ಕಲ್ಲಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಿದರು. ಸ್ಮಾರಕದ ಲೆಕ್ಕದಲ್ಲಿ ಅದು ಸರಿಯಿರಬಹುದು. ಸಂಜೆ ಎದುರು ಬಸವಣ್ಣನವರೆಗೆ ನಡೆದು ಹೋಗುವಾಗ ಆ ಖಾಲಿತನ ನನಗಂತೂ ಹಿಡಿಸುವುದಿಲ್ಲ. ಇನ್ನು ಊಟ. ಮೆನುವಿನಲ್ಲಿ ಪ್ಯಾನ್‌ಕೇಕ್, ಪಾಸ್ತಾ, ಹಮ್ಮಸ್ ಎಲ್ಲ ಇರುತ್ತದೆ. ಜೋಳದ ರೊಟ್ಟಿ ಕೇಳಿದರೆ ನಿಮ್ಮ ಮುಖ ನೋಡುತ್ತಾರೆ.

ಹೊಳೆಯಾಚೆಯ ವಿರೂಪಾಪುರ ಗಡ್ಡಿಯನ್ನು ಈಗಲೂ ಹುಡುಕುವವರಿದ್ದಾರೆ. ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2020ರಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಲಾಯಿತು. ಆ ಗದ್ದಲವೆಲ್ಲ ಸಾಣಾಪುರದ ಕಡೆ ಸರಿದಿದೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ, ಬಿಡಿ.

ಹೊಳೆಯಾಚೆಯದ್ದೇ ಆದರೂ ಆನೆಗುಂದಿ ಬೇರೆಯೇ ಲೋಕ. ವಿಜಯನಗರಕ್ಕಿಂತ ಹಳೆಯ ಊರು, ಇವತ್ತಿಗೂ ಜನ ಇರುವ ಊರು. ಕೋಟೆಬಾಗಿಲು ದಾಟಿದರೆ ಗಗನಮಹಲು, ರಂಗನಾಥ ಗುಡಿ, ಕಟ್ಟೆಯ ಮೇಲೆ ಕೂತು ಬಂದವರನ್ನು ವಿಚಾರಿಸುವ ಹಿರಿಯರು. ಬಾಳೆಯ ದಿಂಡಿನ ನಾರನ್ನು ಹೆಂಗಸರು ಹೊಸೆದು ಹುರಿ ಮಾಡಿ, ಅದರಲ್ಲಿ ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಗೊನೆ ಕೊಯ್ದ ಮೇಲೆ ತೋಟದಲ್ಲಿ ಕೊಳೆಯಬೇಕಿದ್ದ ದಿಂಡು ಅದು. ಮಣ್ಣಿನ ಗೋಡೆಯ ಹಳೆಯ ಮನೆಗಳನ್ನೇ ಹೋಮ್‌ಸ್ಟೇ ಮಾಡಿದ್ದಾರೆ, ಒಳಗೆ ತಂಪು. ಮಾಧ್ವ ಯತಿಗಳ ಒಂಬತ್ತು ಬೃಂದಾವನಗಳಿರುವ ನಡುಗಡ್ಡೆ ನವಬೃಂದಾವನಕ್ಕೆ ಇಲ್ಲಿಂದಲೇ ದೋಣಿ. ಪಂಪಾಸರೋವರ, ಒನಕೆಕಿಂಡಿಯ ಬಂಡೆಚಿತ್ರ ಎಲ್ಲ ಆಚೀಚೆ ಸಿಗುತ್ತವೆ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಶನಿವಾರ ಹತ್ತಬೇಡಿ. ಹತ್ತಿದರೆ ಹತ್ತುವುದಕ್ಕಿಂತ ನಿಂತಿರುವುದೇ ಹೆಚ್ಚು.

ತೊಡಕು ಹೊಳೆಯದು. ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಬಿತ್ತು. ದೋಣಿ ಸಂಜೆಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆದರೆ ದಿನಗಟ್ಟಲೆ ನಿಲ್ಲುತ್ತದೆ. ಆಮೇಲೆ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಸುತ್ತುದಾರಿಯೇ ಗತಿ. ಒಂದು ಸಂಜೆ ಹೇಮಕೂಟದ ಮೇಲೆ ಸೂರ್ಯಾಸ್ತಕ್ಕೆ ಕಾದಿದ್ದಕ್ಕೆ ಆಟೋದವನು ಕೇಳಿದ ಬಾಡಿಗೆ ಆ ದಿನದ ರೂಮಿನ ಬಾಡಿಗೆಗೆ ಹತ್ತಿರವಿತ್ತು. ಹಾಗಾಗಿ ಆನೆಗುಂದಿಯಲ್ಲಿ ಉಳಿದರೆ ಆನೆಗುಂದಿಯನ್ನೇ ನೋಡಿ. ದಿನಾ ಹೊಳೆ ದಾಟಿ ಹಂಪಿ ನೋಡುತ್ತೇನೆ ಅಂದರೆ ಎರಡೂ ಕೆಡುತ್ತವೆ.

ಕಮಲಾಪುರವನ್ನು ಯಾರೂ ಹೊಗಳಿದ್ದು ಕೇಳಿಲ್ಲ. ಹೊಗಳುವಂಥ ಚೆಲುವೂ ಇಲ್ಲ: ಬಸ್ ಸ್ಟ್ಯಾಂಡ್, ಮೊಬೈಲ್ ಅಂಗಡಿ, ಟ್ರಾಕ್ಟರ್. ಆದರೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಿದ್ದರೆ ನಾನು ಕಣ್ಣು ಮುಚ್ಚಿ ಆರಿಸುವುದು ಇದನ್ನೇ. ರಾಜಧಾನಿಯ ಅರಮನೆ ಭಾಗ ಇಲ್ಲಿಂದ ಸೈಕಲ್ ದಾರಿ. ರಾಣಿಯರ ಸ್ನಾನಗೃಹ, ಮಹಾನವಮಿ ದಿಬ್ಬ, ಹಜಾರರಾಮ ಮೂರನ್ನೂ ಬಿಸಿಲೇರುವ ಮೊದಲೇ ಮುಗಿಸಬಹುದು. ದಿಬ್ಬದ ಹತ್ತಿರದ ಮೆಟ್ಟಿಲ ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು. ಅದರ ಕಪ್ಪು ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂಬ ಗುರುತುಗಳಿವೆ; ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿದ್ದರ ಕುರುಹು. ಬೆಳಗಿನ ಓರೆ ಬಿಸಿಲಿನಲ್ಲಿ ಅವು ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಬಂದವರಿಗೆ ಬರೀ ಕಪ್ಪು ಮೆಟ್ಟಿಲು. ಅಲ್ಲಿಂದ ಹಂಪಿ ಕಡೆಗೆ ಹೋದರೆ ತುರ್ತಾ ಕಾಲುವೆ ಸಿಗುತ್ತದೆ. ವಿಜಯನಗರದ ಕಾಲದ್ದು, ಈಗಲೂ ಅದರ ನೀರಲ್ಲೇ ಬಾಳೆ, ಭತ್ತ ಬೆಳೆಯುತ್ತವೆ. ಹಂಪಿಯ ಸ್ಮಾರಕಗಳಲ್ಲಿ ಇವತ್ತಿಗೂ ಕೆಲಸ ಮಾಡುತ್ತಿರುವುದು ಎಷ್ಟಿವೆ ಹೇಳಿ.

ಊರಿನ ಅಂಚಿನ ಪಟ್ಟಾಭಿರಾಮ ದೇವಸ್ಥಾನ ವಿಶಾಲವಾದದ್ದು, ಆದರೂ ನಾನು ಹೋದಾಗೆಲ್ಲ ಕಾವಲುಗಾರನ ಹೊರತು ಯಾರೂ ಇರಲಿಲ್ಲ. ಬೆಳಗಿನ ತಿಂಡಿ ಗಾಡಿಯ ಮಂಡಕ್ಕಿ ಒಗ್ಗರಣೆ: ನೀರಲ್ಲಿ ಅದ್ದಿ ಹಿಂಡಿದ ಮಂಡಕ್ಕಿ, ಈರುಳ್ಳಿ, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿ. ಪ್ಯಾನ್‌ಕೇಕ್ ಇದರ ಮುಂದೆ ನಿಲ್ಲುವುದಿಲ್ಲ.

ಹೊಸಪೇಟೆಯಲ್ಲಿ ಲಿಫ್ಟ್, ಎಸಿ, ರೈಲ್ವೆ ಸ್ಟೇಷನ್ ಎಲ್ಲ ಇದೆ, ಹಂಪಿ ಮಾತ್ರ 13 ಕಿ.ಮೀ. ದೂರ. ರಾತ್ರಿ ರೈಲು ಇಳಿದವರಿಗೆ ಮಲಗಲು ಒಂದು ಜಾಗ ಅಷ್ಟೇ.

ಮೂರು ರಾತ್ರಿ ಇದ್ದರೆ ನಾನು ಎರಡನ್ನು ಕಮಲಾಪುರಕ್ಕೆ, ಒಂದನ್ನು ಆನೆಗುಂದಿಗೆ ಕೊಡುತ್ತೇನೆ. ಒಬ್ಬನೇ ಹೋದರೆ, ಗಟ್ಟಿ ಕಾಲಿದ್ದರೆ, ಜನತಾ ಪ್ಲಾಟ್. ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ಇಡೀ ಹಂಪಿಯ ಮಾದರಿ ಇದೆ, ಬೆಟ್ಟ ಹೊಳೆ ಸಮೇತ. ಅದನ್ನು ಮೊದಲ ದಿನವೇ ನೋಡಿ. ಶುಕ್ರವಾರ ರಜೆ.