ಪಿಕಪ್‌ಗೆ ರಿಸೀವರ್ ಹಿಚ್ ಕಿಟ್: ಕಬ್ಬಿಣ ಗಟ್ಟಿ, ಬೋಲ್ಟು ಜೊಳ್ಳು

ಮೆಕ್ಕೆಜೋಳ ಒಕ್ಕುವ ಮಷಿನ್ನು, ಅಡಿಕೆ ಸುಲಿಯುವ ಮಷಿನ್ನು, ನೀರಿನ ಟ್ಯಾಂಕು: ದಾವಣಗೆರೆ, ಚನ್ನಗಿರಿ, ಹೊಳಲ್ಕೆರೆ ಕಡೆ ಪಿಕಪ್ ಹಿಂದೆ ಕಟ್ಟಿಕೊಂಡು ಹೋಗುವ ಸಾಮಾನು ಇಂಥವೇ. ವೆಲ್ಡಿಂಗ್ ಶಾಪಿನಲ್ಲಿ ಟ್ರ್ಯಾಕ್ಟರಿನಂತೆ ಪಿನ್ನು-ಕೊಕ್ಕೆ ಹಾಕಿಸುವವರೇ ಹೆಚ್ಚು. ಹೊಲದ ದಾರಿಗೆ ಅದು ಸಾಕು. ಹೆದ್ದಾರಿಯ ವೇಗಕ್ಕೆ ಸಾಲದು. ಪಿನ್ನಿಗೂ ಬಳೆಗೂ ನಡುವಿನ ಸಡಿಲದಿಂದ ಪ್ರತಿ ಬ್ರೇಕಿಗೂ ಛಾಸಿಗೆ ಗುದ್ದು ಬೀಳುತ್ತದೆ, ವೆಲ್ಡಿಂಗಿನ ಬಿಸಿ ತಾಗಿದ ಜಾಗದಲ್ಲೇ ಮುಂದೆ ಬಿರುಕು ಏಳುತ್ತದೆ. ಬೋಲ್ಟಿನಲ್ಲಿ ಕೂರುವ 2 ಇಂಚಿನ ರಿಸೀವರ್ ಹಿಚ್ ಕಿಟ್ಟಿಗೇ ನಮ್ಮ ಓಟು. ರಿಸೀವರ್ ಎಂದರೆ ಛಾಸಿಗೆ ಬಿಗಿಯುವ ಚೌಕ ಕೊಳವೆ; ಬಾಲು ಹೊತ್ತ ಬಾಲ್ ಮೌಂಟು ಅದರೊಳಗೆ ತೂರಿ ಪಿನ್ನಿನಲ್ಲಿ ನಿಲ್ಲುತ್ತದೆ. ಆದರೆ ಪೆಟ್ಟಿಗೆಯಲ್ಲಿ ಬಂದದ್ದನ್ನೆಲ್ಲ ಹಾಗೇ ಹಾಕಬೇಡಿ.

ಮೊದಲು ಬಾಲು, ಅಂದರೆ ಟ್ರೇಲರ್ ಮೂತಿ ಕೂರುವ ಕಬ್ಬಿಣದ ಗುಂಡು. 50 ಮಿ.ಮೀ. ಬಾಲಿಗೂ 2 ಇಂಚಿನ ಬಾಲಿಗೂ ವ್ಯತ್ಯಾಸ ಬರೀ 0.8 ಮಿ.ಮೀ.; ಕಣ್ಣಿಗೆ ಕಾಣದು. 50ರ ಕಪ್ಲರ್ (ಬಾಲನ್ನು ಹಿಡಿಯುವ ಟ್ರೇಲರ್ ಮೂತಿಯ ಟೊಪ್ಪಿ) 2 ಇಂಚಿನ ಬಾಲಿನ ಮೇಲೆ ಪೂರ್ತಿ ಕೂರದೆ ಲಾಕ್ ಅರ್ಧಕ್ಕೇ ನಿಲ್ಲಬಹುದು. ಬಾಲು, ಕಪ್ಲರ್ ಎರಡರ ಮೇಲೂ ಒತ್ತಿದ ಅಳತೆ ಓದಿಯೇ ಕೊಳ್ಳಿ.

ಕಿಟ್ಟಿನ ಮೇಲೆ ಬರೆದ ಭಾರ ನಿಮ್ಮ ಗಾಡಿ ಎಳೆಯುವ ಭಾರವಲ್ಲ. ಬಾಲು, ಬಾಲ್ ಮೌಂಟು, ರಿಸೀವರ್, ಗಾಡಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ. 1000 ಕೆ.ಜಿ. ಟ್ರೇಲರ್ ಆದರೆ ಬಾಲಿನ ಮೇಲೆ ಸುಮಾರು 100 ಕೆ.ಜಿ. ಇರಬೇಕು. ಬಾಲು ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಆಚೆ, ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 3 ಮೀಟರ್ ಎನ್ನಿ: ಆ 100 ಕೆ.ಜಿ. ಹಿಂದಿನ ಆಕ್ಸಲ್‌ಗೆ 133 ಆಗಿ ಬೀಳುತ್ತದೆ, ಮುಂದಿನ ಚಕ್ರದಿಂದ 33 ಏಳುತ್ತದೆ. ಎಂಜಿನ್ ಹಿಂದಕ್ಕೆ ಕೂರಿಸಿದ ಮಷಿನ್ನುಗಳಲ್ಲಿ ಇದು ತಿರುಗುಮುರುಗು. ಮೂತಿ ಹಗುರ, 60ರ ವೇಗಕ್ಕೇ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ. ಮಂಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ಮೂತಿಯನ್ನು ಬಾಲಿನ ಎತ್ತರಕ್ಕೇ ಇಟ್ಟು ತೂಗಿದರೆ ಗೊತ್ತಾಗುತ್ತದೆ. ಬಾಲಿನ ಎತ್ತರವನ್ನೂ ಪಿಕಪ್‌ಗೆ ದಿನದ ಲೋಡು ಹೇರಿದ ಮೇಲೇ ಅಳೆಯಿರಿ. ಖಾಲಿ ಗಾಡಿಯಲ್ಲಿ ಅಳೆದರೆ ಲೋಡಿಗೆ ಸ್ಪ್ರಿಂಗ್ ಪ್ಲೇಟು ಬಗ್ಗಿ ಟ್ರೇಲರ್ ಮೂತಿ ಕೆಳಗಾಗುತ್ತದೆ.

ಕೂರಿಸುವಾಗ ಕಿಟ್ಟಿನ ಪಕ್ಕದ ಪ್ಲೇಟುಗಳು ಛಾಸಿಯ ಎರಡೂ ಕಂಬಿಗೆ ಬರಬೇಕು, ಬಂಪರಿಗಲ್ಲ. ಇರುವ ತೂತುಗಳನ್ನೇ ಬಳಸಿ. ಕೊರೆಯಲೇಬೇಕಾದರೆ ನಿಂತ ಮುಖದಲ್ಲಿ ಮಾತ್ರ. ಮೇಲಿನ, ಕೆಳಗಿನ ಅಂಚು ಭಾರ ಹೊರುವ ಜಾಗ, ಅಲ್ಲಿ ಡ್ರಿಲ್ ಮುಟ್ಟಿಸಬಾರದು. ಪೆಟ್ಟಿಗೆ ಆಕಾರದ ಕಂಬಿಗೆ ಒಳಗಡೆ ಪೈಪಿನ ತುಂಡು ಇಡದಿದ್ದರೆ ಬಿಗಿಸಿದಷ್ಟೂ ಕಂಬಿ ಚಪ್ಪಟೆಯಾಗುತ್ತದೆ. ಈ ತುಂಡನ್ನು ಸರಿ ಅಳತೆಗೆ ಕತ್ತರಿಸಿಕೊಡಲು ಒಂದು ಕಾಲಕ್ಕೆ ಲೇತಿಗೆ ಹೆಸರಾಗಿದ್ದ ಹರಿಹರ ಪಕ್ಕದಲ್ಲೇ ಇದೆ.

ಬೋಲ್ಟಿನ ತಲೆ ನೋಡಿ. 8.8 ಎಂಬ ಬಲದ ಗುರುತಿಲ್ಲದಿದ್ದರೆ ಪಕ್ಕಕ್ಕಿಡಿ. ಕಿಟ್ಟಿಗೆ ಕೊಟ್ಟ ಹಣದ ಮುಂದೆ ಹೊಸ ಬೋಲ್ಟಿನ ಬೆಲೆ ಏನೇನೂ ಅಲ್ಲ. ಎಂ12 (12 ಮಿ.ಮೀ.) ಬೋಲ್ಟಾದರೆ ಸುಮಾರು 80 ನ್ಯೂಟನ್ ಮೀಟರ್ ಟಾರ್ಕ್ (ಬಿಗಿಸುವ ಬಲ), ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವಂಥದ್ದು), ದಪ್ಪ ವಾಷರ್. ಪ್ಲೇಟು ಛಾಸಿಗೆ ತಾಗುವ ಕಡೆ ದಪ್ಪ ಪೇಂಟ್ ಇದ್ದರೆ ಕೆರೆದು ತೆಳ್ಳಗೆ ಜಿಂಕ್ ಸ್ಪ್ರೇ ಹೊಡೆಯಿರಿ. ಪೇಂಟ್ ಅಮುಕಿದಂತೆ ಬೋಲ್ಟು ಸಡಿಲವಾಗುತ್ತದೆ. 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ. ಬಾಲಿನ ನಟ್ಟಿಗೆ, 1 ಇಂಚಿನ ಕಾಲಾದರೆ, ಸುಮಾರು 340 ನ್ಯೂಟನ್ ಮೀಟರ್ ಬೇಕು. ಅದು ಲಾರಿ ಗ್ಯಾರೇಜಿನ ಕೆಲಸ. ಪೂರ್ತಿ ಬಿಗಿಸುವ ಮುಂಚೆ ಸ್ಟೆಪ್ನಿ ಇಳಿಯುತ್ತದೆಯೇ ನೋಡಿ, ಕೆಲವು ಕಿಟ್ಟುಗಳ ಅಡ್ಡ ಪೈಪು ಅದಕ್ಕೇ ಅಡ್ಡ ನಿಲ್ಲುತ್ತದೆ.

ಟ್ರೇಲರ್ ದೀಪಗಳ ಏಳು ಪಿನ್ನಿನ ಸಾಕೆಟ್‌ನಲ್ಲಿ 1 ಎಡ ಇಂಡಿಕೇಟರ್, 3 ಅರ್ಥ್, 4 ಬಲ ಇಂಡಿಕೇಟರ್, 5 ಮತ್ತು 7 ಟೇಲ್ ಲ್ಯಾಂಪ್, 6 ಬ್ರೇಕ್. ಇಂಡಿಕೇಟರ್ ಹಾಕಿದಾಗ ಟೇಲ್ ಲ್ಯಾಂಪೂ ಮಿಣುಕಿದರೆ ಮೊದಲು ಅರ್ಥ್ ವೈರನ್ನೇ ಅನುಮಾನಿಸಿ. ಎರಡು ಸೇಫ್ಟಿ ಚೈನನ್ನು ಕಪ್ಲರ್ ಕೆಳಗೆ ಕತ್ತರಿಯಾಗಿ ಹಾಕಿ. ಕಳಚಿದರೂ ಮೂತಿ ರಸ್ತೆಗೆ ಬೀಳದೆ ಚೈನಿನ ಮೇಲೆ ನಿಲ್ಲುತ್ತದೆ.

ಟ್ರೇಲರ್‌ಗೆ ಬೇರೆಯೇ ನೋಂದಣಿ ಬೇಕು. ಹಿಚ್ ಹಾಕಿಸುವ ಮುಂಚೆ ವಿಮೆಯವರಿಂದಲೂ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಟ್ರೇಲರ್ ಇಲ್ಲದಾಗ ಪಿನ್ನು ಎಳೆದು ಬಾಲ್ ಮೌಂಟನ್ನು ಸೀಟಿನ ಹಿಂದೆ ಇಡಿ. ದಾವಣಗೆರೆಯ ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ಹಿಂದೆ ನಿಲ್ಲುವ ಬೈಕಿನವರ ಕಾಲಿಗೇ ಬಡಿಯುವ ಎತ್ತರ ಅದು. ವೆಲ್ಡ್ ಮಾಡಿಸಿದ ಕೊಕ್ಕೆಯಾದರೆ ಹೀಗೆ ಬಿಚ್ಚಿಡಲೂ ಆಗುವುದಿಲ್ಲ.