ಪಡುಕೆರೆಯ ಮಳೆಗಾಲ, ಖಡಕ್ ರೊಟ್ಟಿ ಮತ್ತು ನಮ್ಮ ಡಿಹ್ಯೂಮಿಡಿಫೈಯರ್

ವಿಜಯಪುರ ಬಿಟ್ಟು ಬರುವಾಗ ಅರವತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ಬಂದಿದ್ದೆ. ಬಿಳಿಜೋಳದ್ದು, ತೆಳ್ಳಗೆ ಬಡಿದು ಗರಿಗರಿಯಾಗುವಂತೆ ಸುಟ್ಟು ಒಣಗಿಸಿದ್ದು. ಊರಿನಲ್ಲಾದರೆ ಬುಟ್ಟಿಯಲ್ಲಿಟ್ಟು ಮೇಲೊಂದು ಬಟ್ಟೆ ಮುಚ್ಚಿದರೆ ಎರಡು ತಿಂಗಳು ತಿರುಗಿ ನೋಡಬೇಕಾಗಿಲ್ಲ. ಉಡುಪಿಯ ಮಲ್ಪೆ ಬಳಿಯ ಪಡುಕೆರೆಗೆ ನಾವು ಕಾಲಿಟ್ಟದ್ದು ಕಳೆದ ವರ್ಷ ಜೂನ್ ಎರಡನೆಯ ವಾರದಲ್ಲಿ. ಮೂರನೆಯ ದಿನ ಒಂದು ರೊಟ್ಟಿ ಎತ್ತಿದರೆ ಚರ್ಮದ ಹಾಗೆ ಬಾಗಿತು. ಎಂಟನೆಯ ದಿನ ಅಂಚಿನಲ್ಲಿ ಬೂದು ಬಣ್ಣದ ಬೂಷ್ಟು. ಉಳಿದಿದ್ದ ನಲವತ್ತೊಂದನ್ನು ತೆಂಗಿನ ಬುಡಕ್ಕೆ ಸುರಿಯುವಾಗ ಕಣ್ಣಲ್ಲಿ ನೀರು ಬಂತು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಗಳು ಮಣಿಪಾಲದಲ್ಲಿದ್ದಾಳೆ, ನಮ್ಮವರಿಗೆ ಮೊದಲಿನಿಂದಲೂ ಕಡಲೆಂದರೆ ಪ್ರಾಣ. ಹಾಗಾಗಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಉದ್ಯಾವರ ಹೊಳೆ ಇರುವ ಈ ಉದ್ದನೆಯ ನೆಲದ ಪಟ್ಟಿಯಲ್ಲಿ ಮನೆ ಹಿಡಿದೆವು. ನಮ್ಮೂರಿನಲ್ಲಿ ವರ್ಷವಿಡೀ ಸುರಿಯುವ ಮಳೆ 600 ಮಿಲಿಮೀಟರ್ ಆಸುಪಾಸು. ಉಡುಪಿಯಲ್ಲಿ 4000 ದಾಟುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಈ ಅಂಕಿಗಳನ್ನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಅವು ಹಾಸಿಗೆಗೆ, ದಿಂಬಿಗೆ, ಪುಸ್ತಕದ ಬೆನ್ನಿಗೆ, ಇಳಕಲ್ ಸೀರೆಯ ಮಡಿಕೆಗೆ ಏನು ಮಾಡುತ್ತವೆ ಎಂಬುದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಬೆಂಕಿಕಡ್ಡಿ ಹೊತ್ತಿಕೊಳ್ಳುವುದಿಲ್ಲ. ಉಪ್ಪಿನ ಡಬ್ಬಿಯ ತಳದಲ್ಲಿ ನೀರು ನಿಲ್ಲುತ್ತದೆ. ಪಕ್ಕದ ಮನೆಯ ಅಕ್ಕ ಒಂದು ದಿನ ನನ್ನ ಬಟ್ಟೆಯ ಹಗ್ಗ ನೋಡಿ ಹೇಳಿದರು: "ಟೀಚರೇ, ಆಟಿ ತಿಂಗಳಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ, ಆರುತ್ತದೆ ಅಷ್ಟೇ." ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್ ಹೊತ್ತಿನದು. ಅಕ್ಕನ ಹಳೆಯ ಮನೆಯಲ್ಲಿ ಒಲೆಯ ಮೇಲಿನ ಅಟ್ಟವೇ ಎಲ್ಲವನ್ನೂ ಒಣಗಿಸುತ್ತಿತ್ತಂತೆ. ಗ್ಯಾಸ್ ಬಂದ ಮೇಲೆ ಆ ಹೊಗೆಯೂ ಇಲ್ಲ, ಕಾವೂ ಇಲ್ಲ.

ಕೊನೆಗೆ ಗಾಳಿಯ ತೇವ ತೆಗೆಯುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್, ಕೊಂಡೆವು. ಮೊದಲು ಕೊಂಡದ್ದರ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಮಂದಿ ಅದನ್ನೇ ಕೊಳ್ಳುತ್ತಾರೆ. ಫಿಲ್ಟರ್ ಕಾಫಿಯ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಬೆಲೆ ನಾಲ್ಕು ಸಾವಿರದೊಳಗೆ, ಸದ್ದೇ ಇಲ್ಲ. ಇಡೀ ದಿನ ಓಡಿಸಿದರೆ ಒಂದು ಲೋಟ ನೀರು. ಇವು ಪೆಲ್ಟಿಯರ್ ಬಗೆಯವು. ವಿದ್ಯುತ್ ಹರಿದಾಗ ಒಂದು ಬದಿ ತಣ್ಣಗಾಗುವ ಚಿಕ್ಕ ಬಿಲ್ಲೆ ಅದರೊಳಗಿರುತ್ತದೆ, ಕಂಪ್ರೆಸರ್ ಇರುವುದಿಲ್ಲ. ಬಾಗಿಲು ಮುಚ್ಚಿದ ಬಟ್ಟೆಯ ಕಪಾಟಿಗೆ ಸಾಕು, ಕೋಣೆಗೆ ಯಾವ ಕೆಲಸಕ್ಕೂ ಬಾರದು. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಡಬ್ಬಿಗಳೂ ಹಾಗೆಯೇ, ಕಪಾಟಿಗೆ ಮಾತ್ರ.

ಎರಡನೆಯದು ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್. ಹದಿನೇಳು ಸಾವಿರ ಕೊಟ್ಟೆವು. ಕೆಲಸ ಮಾಡುವ ಬಗೆ ಸರಳ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ನೋಡಿರುತ್ತೀರಿ. ಯಂತ್ರದೊಳಗಿನ ತಣ್ಣನೆಯ ಸುರುಳಿಯ ಮೇಲೆ ಕೋಣೆಯ ಗಾಳಿ ಹಾಯುತ್ತದೆ, ಅದರಲ್ಲಿನ ಆವಿ ಹನಿಯಾಗಿ ತೊಟ್ಟಿಗೆ ಇಳಿಯುತ್ತದೆ, ಒಣಗಿದ ಗಾಳಿ ಬಿಸಿ ಸುರುಳಿಯನ್ನು ಹಾದು ಹೊರಗೆ ಬರುತ್ತದೆ. ಪೆಟ್ಟಿಗೆಯ ಮೇಲೆ ದಿನಕ್ಕೆ 12 ಲೀಟರ್ ಎಂದು ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 80 ಆರ್ದ್ರತೆಯಲ್ಲಿ (ಗಾಳಿ ಹಿಡಿದುಕೊಳ್ಳಬಲ್ಲ ಆವಿಯಲ್ಲಿ ಶೇ. 80 ತುಂಬಿರುವಾಗ) ಎಂದಿದೆ. ಕೊಳ್ಳುವವರು ಆ ಸಣ್ಣ ಅಕ್ಷರವನ್ನೇ ಓದಬೇಕು. ಗಾಳಿ ಒಣಗುತ್ತಾ ಹೋದಂತೆ ಯಂತ್ರಕ್ಕೆ ಸಿಗುವ ನೀರೂ ಕಡಿಮೆಯಾಗುತ್ತದೆ.

ಮನೆಯ ಹಿಂಬದಿಗೆ ತಾರಸಿ ಹಾಕಿದ ಒಂದು ಕೋಣೆಯಿದೆ, 10 ಅಡಿಗೆ 12 ಅಡಿ. ಅಲ್ಲಿ ಆರ್ದ್ರತಾಮಾಪಕ ಇಟ್ಟು ಕಿಟಕಿ ಬಾಗಿಲು ಮುಚ್ಚಿ ಯಂತ್ರ ಹಚ್ಚಿದೆ. ಶುರುವಿನಲ್ಲಿ ಶೇ. 91. ನಾಲ್ಕು ಗಂಟೆಯಲ್ಲಿ 64. ಮಾರನೆಯ ಬೆಳಿಗ್ಗೆ 57. ಆ ಹೊತ್ತಿಗೆ ಎರಡು ಲೀಟರಿನ ತೊಟ್ಟಿಯನ್ನು ಮೂರು ಸಲ ಖಾಲಿ ಮಾಡಿದ್ದೆವು. ಆರು ಲೀಟರ್! ಇಷ್ಟು ನೀರು ಎಲ್ಲಿತ್ತು ಎಂದು ನಮ್ಮವರು ಕೇಳಿದರು. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದುಕೊಳ್ಳಬಲ್ಲ ಆವಿ ಸುಮಾರು 27 ಗ್ರಾಂ. ನಮ್ಮ ಕೋಣೆಯಲ್ಲಿರುವುದು 34 ಘನ ಮೀಟರ್ ಗಾಳಿ. ಶೇ. 91ರಿಂದ 57ಕ್ಕೆ ಇಳಿಸಲು ತೆಗೆಯಬೇಕಾದ ನೀರು ಮುನ್ನೂರು ಗ್ರಾಂ ಚಿಲ್ಲರೆ, ಒಂದೂವರೆ ಲೋಟ. ಸಂದಿಗಳಿಂದ ನುಸುಳುವ ಹೊರಗಿನ ಗಾಳಿ ಒಂದಿಷ್ಟು ತಂದಿರಬಹುದು. ಮಿಕ್ಕದ್ದು ಹತ್ತಿಯ ಹಾಸಿಗೆಯಲ್ಲಿ, ಗೋಡೆಯಲ್ಲಿ, ಪುಸ್ತಕಗಳಲ್ಲಿ, ಟ್ರಂಕಿನ ಸೀರೆಗಳಲ್ಲಿ ಕುಳಿತಿತ್ತು. ನಾವು ರಾತ್ರಿಯೆಲ್ಲ ಮಲಗುತ್ತಿದ್ದದ್ದು ಆ ನೀರಿನ ಮೇಲೆ. ನಾಲ್ಕು ದಿನ ಕಳೆದ ಮೇಲೆ ದಿನಕ್ಕೆ ಮೂರು ಲೀಟರಿಗೆ ಬಂದು ನಿಂತಿತು. ಹಾಸಿಗೆ ಹಗುರವಾಯಿತು, ಮುಗ್ಗಲು ವಾಸನೆ ಹೋಯಿತು.

ಇದೇ ಯಂತ್ರವನ್ನು ಮುಂದಿನ ಹಂಚಿನ ಚಾವಡಿಗೆ ತಂದು ಏಳು ಗಂಟೆ ಓಡಿಸಿದೆ. ಶೇ. 90 ಇದ್ದದ್ದು 86. ಅದು ಯಂತ್ರದ ದೋಷವಲ್ಲ. ಹಂಚಿಗೂ ಹಂಚಿಗೂ ನಡುವೆ ಸಂದಿ ಇರುತ್ತದೆ, ಗಾಳಿ ಓಡಾಡುತ್ತಲೇ ಇರುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ಈ ಕರಾವಳಿಯ ಮನೆಗಳು ಆ ಹಂಚಿನಡಿಯಲ್ಲೇ ಸೆಕೆಯನ್ನು ಕಳೆದಿವೆ. ಆವಿಯನ್ನು ಹೊರಗೆ ಬಿಡುವುದೇ ಅವುಗಳ ಗುಣ, ಅಂಥ ಮಾಡಿನ ಕೆಳಗೆ ಗಾಳಿಯನ್ನು ಕಟ್ಟಿಹಾಕಲು ಹೋಗಬಾರದು. ಒಂದೇ ಒಂದು ಮುಚ್ಚಿದ ಕೋಣೆಯನ್ನು ಆರಿಸಿಕೊಳ್ಳಿ. ಹಾಸಿಗೆ, ಬಟ್ಟೆ, ದಾಖಲೆಪತ್ರ, ಮಾತ್ರೆ ಔಷಧಿ, ಹಪ್ಪಳ ಸಂಡಿಗೆ ಎಲ್ಲವೂ ಅಲ್ಲಿಗೆ ಹೋಗಲಿ. ಉಳಿದ ಮನೆ ಮಳೆಗಾಲವನ್ನು ಮಳೆಗಾಲದಂತೆಯೇ ಕಳೆಯಲಿ.

ಖರ್ಚು: ನಮ್ಮದು 220 ವ್ಯಾಟಿನದು. ದಿನಕ್ಕೆ ಆರು ಗಂಟೆ ಓಡಿದರೆ ಒಂದೂಕಾಲು ಯೂನಿಟ್ಟಿಗಿಂತ ತುಸು ಹೆಚ್ಚು, ತಿಂಗಳಿಗೆ ನಲವತ್ತು ಯೂನಿಟ್. ಇದು ನನಗೆ ಭಾರವೆನಿಸಲಿಲ್ಲ.

ಕೊರತೆಗಳೂ ಇವೆ. ಮೊದಲನೆಯದು ಬಿಸಿ. ಆವಿ ನೀರಾಗುವಾಗ ಬಿಡುವ ಶಾಖವೂ, ಕಂಪ್ರೆಸರಿನ ಶಾಖವೂ ಕೋಣೆಯಲ್ಲೇ ಉಳಿಯುತ್ತವೆ. ಎರಡು ಮೂರು ಡಿಗ್ರಿ ಏರುತ್ತದೆ. ಜುಲೈನಲ್ಲಿ ಅದು ಹಿತವೇ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಈ ಯಂತ್ರ ಹಚ್ಚಿ ಮಲಗಲು ಸಾಧ್ಯವೇ ಇಲ್ಲ, ಆಗ ಎ.ಸಿ.ಯೇ ಬೇಕು. ಡಿಸೆಂಬರಿನಿಂದ ಎರಡು ತಿಂಗಳು ಅದಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದೆ.

ಎರಡನೆಯದು ಸದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನ ಎಂಜಿನ್‌ಗಳು ಸುಮ್ಮನಿರುವ ಆ ರಾತ್ರಿಗಳಲ್ಲಿ ಕೇಳುವುದು ಕಡಲು ಮತ್ತು ಈ ಯಂತ್ರ ಮಾತ್ರ. ಹಳೆಯ ಫ್ರಿಜ್ಜಿನಷ್ಟು ಸದ್ದು. ಜೊತೆಗೆ ತೊಟ್ಟಿ ತುಂಬಿದಾಗ ಕೂಗಿ ನಿಲ್ಲುತ್ತದೆ, ಅದು ನಡುರಾತ್ರಿಯೇ ಆಗುತ್ತಿತ್ತು. ಹಿಂದಿನ ರಂಧ್ರಕ್ಕೆ ಕೊಳವೆ ಸಿಕ್ಕಿಸಿ ಬಚ್ಚಲಿಗೆ ಬಿಟ್ಟ ಮೇಲೆ ಆ ಕಾಟ ತಪ್ಪಿತು. ಕೊಳವೆ ಜೋಡಿಸಲು ಬಾರದ ಮಾದರಿಯನ್ನು ನಮ್ಮ ವಯಸ್ಸಿನವರು ಕೊಳ್ಳಲೇಬೇಡಿ.

ಮೂರನೆಯದು ನನಗೆ ನಿಜವಾಗಿ ನೋವು ಕೊಟ್ಟದ್ದು. ಕಡಲ ಗಾಳಿಯ ಉಪ್ಪನ್ನು ಈ ಯಂತ್ರ ಹೀರುವುದಿಲ್ಲ, ತಾನೇ ಅದಕ್ಕೆ ತುತ್ತಾಗುತ್ತದೆ. ನಾಲ್ಕು ತಿಂಗಳಲ್ಲಿ ಹಿಂಬದಿಯ ಸ್ಕ್ರೂಗಳ ತಲೆ ಕೆಂಪಗಾಗಿ ಉದುರತೊಡಗಿದವು. ಕಂಪನಿಗೆ ಫೋನ್ ಮಾಡಿದೆ. ಹನ್ನೊಂದು ದಿನ ಬಿಟ್ಟು ಬಂದ ಹುಡುಗ ಎರಡು ನಿಮಿಷ ನೋಡಿ, ತುಕ್ಕಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದುಕೊಟ್ಟು ಹೋದ. ಮಾರುವಾಗ ನಮ್ಮ ವಿಳಾಸ ಅವರ ಮುಂದೆಯೇ ಇತ್ತು, ಆಗಲೇ ಹೇಳಬಹುದಿತ್ತು. ಈಗ ಅದನ್ನು ಪಡುವಣ ಕಿಟಕಿಯಿಂದ ದೂರ ಸರಿಸಿದ್ದೇನೆ, ಸ್ಕ್ರೂಗಳನ್ನು ಬದಲಿಸಿ ಗ್ರೀಸ್ ಹಚ್ಚಿದ್ದೇನೆ, ಗಾಳಿ ಸೋಸುವ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು ಆರಿಸಿ ಹಾಕುತ್ತೇನೆ. ಮಂಡಿನೋವು ಕಡಿಮೆಯಾಯಿತೇ ಎಂದು ಅಕ್ಕ ಕೇಳುತ್ತಾರೆ. ಇಲ್ಲ, ಆಗಿಲ್ಲ. ಆದರೆ ನಮ್ಮವರ ಬೆಳಗಿನ ಸೀನು ತಗ್ಗಿದೆ. ತೇವ ಇಳಿದರೆ ಹಾಸಿಗೆಯ ನುಸಿಗಳು ಬೆಳೆಯುವುದು ಕಷ್ಟ, ಅದಕ್ಕೇ ಇರಬೇಕು.

ಈ ವರ್ಷ ಮೇ ಕೊನೆಯಲ್ಲಿ ಇಲ್ಲಿಯೇ ನಲವತ್ತು ರೊಟ್ಟಿ ಬಡಿದೆ. ಬಟ್ಟೆಯಲ್ಲಿ ಸುತ್ತಿ ಆ ಕೋಣೆಯ ಟ್ರಂಕಿನ ಮೇಲೆ ಬುಟ್ಟಿಯಲ್ಲಿಟ್ಟೆ. ಜುಲೈ ಮೂರನೆಯ ವಾರ, ಹೊರಗೆ ಎಡೆಬಿಡದೆ ಮಳೆ. ಅಕ್ಕನನ್ನು ಕರೆದು ಒಂದು ರೊಟ್ಟಿ ಕೈಗೆ ಕೊಟ್ಟೆ. ಲಟಕ್ಕನೆ ಮುರಿಯಿತು, ಚೂರು ನೆಲಕ್ಕೆಲ್ಲ ಸಿಡಿಯಿತು. ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿಕೊಟ್ಟು ಚಾವಡಿಯಲ್ಲಿ ಕುಳಿತು ತಿಂದೆವು. ಮಾತಿನ ನಡುವೆ ಅರ್ಧ ಗಂಟೆ ಕಳೆದಿತ್ತು. ತಟ್ಟೆಯಲ್ಲಿ ಉಳಿದ ತುಂಡನ್ನು ಎತ್ತಿದರೆ ಆಗಲೇ ಬಾಗುತ್ತಿತ್ತು. "ಟೀಚರೇ, ಇದನ್ನು ನಿಮ್ಮ ಕೋಣೆಯಲ್ಲೇ ತಿನ್ನಬೇಕು" ಎಂದರು ಅಕ್ಕ. ಅಂದಿನಿಂದ ಮಳೆ ಜೋರಾದ ದಿನ ನಾವು ಮೂವರೂ ಅಲ್ಲೇ, ಟ್ರಂಕಿನ ಪಕ್ಕ ಚಾಪೆ ಹಾಸಿಕೊಂಡು, ಬಾಗಿಲು ಮುಚ್ಚಿ ಊಟಕ್ಕೆ ಕೂರುತ್ತೇವೆ.